ಉತ್ತರ ಅಚ್ಚಾಗದ ಪ್ರಶ್ನೆಪತ್ರಿಕೆ

ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನಗಳನ್ನು ಕಲಿಸಿದ ನನ್ನಂಥವರಿಗೆ ಪ್ರಶ್ನೆಪತ್ರಿಕೆಯ ಸ್ವರೂಪ ಚಿರಪರಿಚಿತ. ಲೆಕ್ಕಕ್ಕೆ ಬೇಕಾದ ಸಂಖ್ಯೆಗಳೆಲ್ಲ ಅದರಲ್ಲೇ ಇರುತ್ತವೆ. ಉತ್ತರ ಒಂದೇ ಇರುತ್ತದೆ. ಆ ಉತ್ತರ ಮೌಲ್ಯಮಾಪಕರ ಕೈಯಲ್ಲಿ ಮೊದಲೇ ಅಚ್ಚಾಗಿರುತ್ತದೆ. ಈ ಕ್ರಮಕ್ಕೆ ತೀರ ಹೊರತಾದ ಪರೀಕ್ಷೆಯೊಂದರ ಸಂಗತಿಯನ್ನು ಇಂದು ಓದುಗ ಮಿತ್ರರೊಡನೆ ಹಂಚಿಕೊಳ್ಳಬೇಕೆನಿಸಿದೆ. ಅದು ಶಿಲಾ ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಿನ್ಯಾಸ ಸ್ಪರ್ಧೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ಶಾಸ್ತ್ರವನ್ನು ವಿದೇಶದಲ್ಲಿ ವ್ಯಾಸಂಗ ಮಾಡುತ್ತಿದ್ದಾಳೆ. ಅವಳ ತಾತ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. ರಜೆಗೆ ಬಂದಾಗ, ತಾನು ಭಾಗವಹಿಸಿದ ಸ್ಪರ್ಧೆಯ ಪ್ರಶ್ನೆಯನ್ನು ನನಗೆ ತೋರಿಸಿದಳು. ಒಂದು ಬೆಟ್ಟದೊಳಗೆ ಸುರಂಗ ಕೊರೆಯಬೇಕು. ಸುರಂಗದ ಆಕಾರ, ಛಾವಣಿಗೆ ಬಡಿಯುವ ಬೋಲ್ಟುಗಳ ಉದ್ದ ಮತ್ತು ಅಂತರ, ಮೇಲೆ ಸಿಂಪಡಿಸುವ ಕಾಂಕ್ರೀಟಿನ ದಪ್ಪ ಇವನ್ನೆಲ್ಲ ತಂಡದವರು ನಿರ್ಧರಿಸಿ, ವರದಿ ಬರೆದು, ತೀರ್ಪುಗಾರರ ಎದುರು ಸಮರ್ಥಿಸಿಕೊಳ್ಳಬೇಕು. ಅವರಿಗೆ ಕೊಟ್ಟಿದ್ದ ಮಾಹಿತಿಯೆಂದರೆ ಬೆಟ್ಟಕ್ಕೆ ಕೊರೆದ ನಾಲ್ಕು ರಂಧ್ರಗಳ ವಿವರ ಮತ್ತು ಪ್ರಯೋಗಾಲಯದ ಕೆಲವು ಫಲಿತಾಂಶ.

"ಸರ್, ಆ ರಂಧ್ರಗಳ ನಡುವಿನ ಬಂಡೆ ಹೇಗಿದೆ ಅಂತ ಯಾರಿಗೂ ಗೊತ್ತಿಲ್ಲ. ಪ್ರಶ್ನೆ ಕೊಟ್ಟವರಿಗೂ ಗೊತ್ತಿಲ್ಲ," ಎಂದಳು.

ರಂಧ್ರ ಕೊರೆದಾಗ ಕಬ್ಬಿನ ಜಲ್ಲೆಯಂತೆ ಉರುಟಾದ ಶಿಲೆಯ ತುಂಡುಗಳು ಹೊರಬರುತ್ತವೆ. ಬಂಡೆಯ ಯೋಗ್ಯತೆಯನ್ನು ಅವುಗಳಿಂದ ಅಳೆಯುವ ಸರಳ ಕ್ರಮವೊಂದನ್ನು 1960ರ ದಶಕದಲ್ಲಿ ಅಮೆರಿಕದ ಡಾನ್ ಡೀರ್ ರೂಪಿಸಿದರು. ಅದಕ್ಕೆ ಆರ್.ಕ್ಯೂ.ಡಿ. ಎಂದು ಹೆಸರು. 10 ಸೆಂಟಿಮೀಟರಿಗಿಂತ ಉದ್ದವಾದ ಗಟ್ಟಿ ತುಂಡುಗಳನ್ನು ಮಾತ್ರ ಕೂಡಿಸಿ, ಕೊರೆದ ಉದ್ದದಲ್ಲಿ ಅದು ಶೇಕಡಾ ಎಷ್ಟೆಂದು ನೋಡುವುದು. 150 ಸೆಂಟಿಮೀಟರ್ ಕೊರೆದಾಗ ಅಂಥ ತುಂಡುಗಳ ಮೊತ್ತ 105 ಸೆಂಟಿಮೀಟರ್ ಇದ್ದರೆ ಶೇಕಡಾ 70, ಬಂಡೆ ಸಾಧಾರಣ. ಏಳನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ! ಆದರೆ ಬಿರುಕುಗಳ ದಿಕ್ಕು, ಅವುಗಳ ನಡುವಿನ ಜೇಡಿ, ಒಸರುವ ನೀರು ಇವು ಈ ಒಂದು ಸಂಖ್ಯೆಯಲ್ಲಿ ಕಾಣುವುದಿಲ್ಲ. ಅವನ್ನೂ ಗಣನೆಗೆ ತರುವ ಕ್ರಮಗಳು 1973 ಮತ್ತು 1974ರಲ್ಲಿ ಬಂದವು. ಆದರೂ ಊಹೆಯ ಪಾಲು ಪೂರ್ತಿ ಅಳಿಯಲಿಲ್ಲ.

ಆಳಕ್ಕೆ ಇಳಿದಷ್ಟೂ ಈ ಊಹೆ ಅಪಾಯಕಾರಿಯಾಗುತ್ತದೆ. ಒಂದು ಘನಮೀಟರ್ ಬಂಡೆ ಸುಮಾರು 2.7 ಟನ್ ತೂಗುತ್ತದೆ. ನಮ್ಮ ಕೋಲಾರದ ಗಣಿಗಳು 3 ಕಿಲೋಮೀಟರಿಗೂ ಆಳಕ್ಕೆ ಹೋಗಿದ್ದವು. ಅಲ್ಲಿ ಒಂದೊಂದು ಚದರ ಮೀಟರಿನ ಮೇಲೆ 8,000 ಟನ್ನಿಗೂ ಮಿಕ್ಕಿದ ಭಾರ. ಅದರಲ್ಲೊಂದು ಪೊಳ್ಳು ತೆರೆದರೆ, ಆ ಪೊಳ್ಳು ಹೊರಬೇಕಾಗಿದ್ದ ಭಾರವೂ ಸುತ್ತಲಿನ ಬಂಡೆಯ ಮೇಲೇ ಬೀಳುತ್ತದೆ. ತಾಳಲಾರದ ಬಂಡೆ ಒಮ್ಮೆಲೇ ಸಿಡಿಯುತ್ತದೆ. ಕೋಲಾರದಲ್ಲಿ ಹಾಗೆ ಸಿಡಿದಾಗ ನೆಲದ ಮೇಲಿನ ಮನೆಗಳೂ ನಡುಗುತ್ತಿದ್ದವು. ಕೆಳಗಿದ್ದ ಎಷ್ಟೋ ಜನ ಮರಳಿ ಬರಲಿಲ್ಲ. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದು ಅದೇ ಕೆ.ಜಿ.ಎಫ್.ನಲ್ಲಿ. 2001ರಲ್ಲಿ ಗಣಿ ಮುಚ್ಚಿತು.

ಈ ಶಾಸ್ತ್ರಕ್ಕೆ ಜಗತ್ತಿನ ಗಮನ ಸೆಳೆದದ್ದೂ ದುರಂತವೇ. 1959ರ ಡಿಸೆಂಬರ್ 2ರಂದು ಫ್ರಾನ್ಸಿನ ಮಾಲ್ಪಾಸೆ ಅಣೆಕಟ್ಟು ಒಡೆದು 400ಕ್ಕೂ ಹೆಚ್ಚು ಮಂದಿ ಸತ್ತರು. ಅಣೆಕಟ್ಟಿನ ಕಾಂಕ್ರೀಟಿನಲ್ಲಿ ದೋಷವಿರಲಿಲ್ಲ; ಅದು ಒರಗಿ ನಿಂತಿದ್ದ ಎಡದಂಡೆಯ ಬಂಡೆ ಜಾರಿತ್ತು. 1962ರಲ್ಲಿ ಸಾಲ್ಸ್‌ಬರ್ಗಿನಲ್ಲಿ ಅಂತರರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಘ ಸ್ಥಾಪನೆಯಾಯಿತು.

ಸ್ಪರ್ಧೆಯ ದಿನ ತೀರ್ಪುಗಾರರು ಬೋಲ್ಟಿನ ಲೆಕ್ಕವನ್ನು ಹೆಚ್ಚು ಕೆದಕಲಿಲ್ಲವಂತೆ. ಅವರ ಮುಖ್ಯ ಪ್ರಶ್ನೆ ಇದು: "ನಿಮ್ಮ ಊಹೆ ತಪ್ಪಾಗಿದ್ದರೆ ಅದು ನಿಮಗೆ ತಿಳಿಯುವುದು ಹೇಗೆ?" ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಚಿತ್ರ ಬರೆದು ತಂದಿದ್ದ ಒಂದು ತಂಡ ಇಲ್ಲಿ ತಡವರಿಸಿತು. ಇವಳ ತಂಡದವರು ವರದಿಯಲ್ಲಿ ಒಂದು ಪುಟವನ್ನು ಇದಕ್ಕಾಗಿಯೇ ಮೀಸಲಿಟ್ಟಿದ್ದರು. ಸುರಂಗದ ಎರಡು ಗೋಡೆಗಳ ನಡುವಿನ ಅಂತರವನ್ನು ದಿನವೂ ಅಳೆಯಬೇಕು. ಅದು ಇಷ್ಟು ಮಿಲಿಮೀಟರ್ ಕುಗ್ಗಿದರೆ ಬೋಲ್ಟು ಹೆಚ್ಚಿಸಬೇಕು. ಇನ್ನಿಷ್ಟು ಕುಗ್ಗಿದರೆ ಕೆಲಸ ನಿಲ್ಲಿಸಿ ಜನರನ್ನು ಹೊರಕ್ಕೆ ಕರೆತರಬೇಕು. ಅವರಿಗೆ ಎರಡನೆಯ ಸ್ಥಾನ ದೊರೆಯಿತು.

"ಈ ಪುಟ ತಾತನದ್ದು ಸರ್," ಎಂದು ನಕ್ಕಳು. ಆಕೆ ಚಿಕ್ಕವಳಿದ್ದಾಗ ತಾತ ಹೇಳುತ್ತಿದ್ದರಂತೆ: "ಬಂಡೆ ಚಟಚಟ ಅಂದರೆ ಮೊದಲು ಹೊರಗೆ ಬಾ. ಯಾಕೆ ಅಂದಿತು ಅಂತ ಆಮೇಲೆ ಯೋಚಿಸು." ಶಾಲೆಯ ಮೆಟ್ಟಿಲು ಹತ್ತದ ಆ ಹಿರಿಯರ ಮಾತು ವಿದೇಶದ ತೀರ್ಪುಗಾರರ ಮುಂದೆ ಮಿಲಿಮೀಟರಿನ ಭಾಷೆಯಲ್ಲಿ ನಿಂತದ್ದು ಕೇಳಿ ನನ್ನ ಕಣ್ಣು ತೇವವಾಯಿತು.

ಈಗ ಸೇವೆಯಲ್ಲಿರುವ ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ವರ್ಷಕ್ಕೊಮ್ಮೆಯಾದರೂ ಮಕ್ಕಳಿಗೆ ಒಂದು ಸಂಖ್ಯೆ ಬಿಟ್ಟುಹೋದ ಲೆಕ್ಕ ಕೊಡಿ. ಶಾಲೆಯ ನೀರಿನ ತೊಟ್ಟಿ ಎಷ್ಟು ದೊಡ್ಡದಿರಬೇಕು ಎಂದು ಕೇಳಿ. ಒಬ್ಬ ವಿದ್ಯಾರ್ಥಿಗೆ ದಿನಕ್ಕೆ ಎಷ್ಟು ನೀರು ಬೇಕೆಂದು ಹೇಳಬೇಡಿ. "ನಾನು ಇಷ್ಟೆಂದು ಭಾವಿಸಿದ್ದೇನೆ, ಕಾರಣ ಇದು, ತಪ್ಪಾದರೆ ಹೀಗೆ ಸರಿಪಡಿಸುತ್ತೇನೆ" ಎಂದು ಬರೆದ ಮಗುವಿಗೆ ಪೂರ್ಣ ಅಂಕ ಕೊಡಿ. ಆ ಮಗು ಮುಂದೆ ಕಟ್ಟುವ ಸುರಂಗದಲ್ಲಿ ಯಾರದೋ ತಾತ, ಯಾರದೋ ತಂದೆ ದುಡಿಯುತ್ತಿರಬಹುದು.