ಕಾಂಪ್ಟನ್ನಿನ ಶನಿವಾರದ ರಾತ್ರಿ

ಊರು ಬಿಟ್ಟು ಬಂದವರಿಗೆ ವಾರದ ಆರು ದಿನ ಹೇಗೋ ಕಳೆದುಹೋಗುತ್ತವೆ. ಕೆಲಸವಿರುತ್ತದೆ, ಲೋಕಲ್ ರೈಲು ಹಿಡಿಯುವ ಅವಸರವಿರುತ್ತದೆ. ಕಷ್ಟವಾಗುವುದು ಶನಿವಾರ ಸಂಜೆ. ಕೈಗೆ ಬಿಡುವಾದೊಡನೆ ಮನಸ್ಸು ಊರಿನ ದಾರಿ ಹಿಡಿಯುತ್ತದೆ. ಮುಂಬಯಿಗೆ ಬಂದ ಹೊಸದರಲ್ಲಿ, ಮಾಟುಂಗದಲ್ಲಿ ಯಕ್ಷಗಾನವಿದೆಯೆಂದು ಕೇಳಿದರೆ ನಾವು ಊಟವನ್ನೂ ಮರೆತು ಓಡುತ್ತಿದ್ದುದು ಇದಕ್ಕಾಗಿಯೇ. ಚೆಂಡೆಯ ಮೊದಲ ಪೆಟ್ಟು ಕಿವಿಗೆ ಬಿದ್ದರೆ ಸಾಕು, ವಾರದ ದಣಿವೆಲ್ಲ ಇಳಿದಂತಾಗುತ್ತಿತ್ತು.

ಇದು ನಮ್ಮಂಥವರ ಪಾಡು ಮಾತ್ರವೆಂದು ತಿಳಿದಿದ್ದೆವು. ಹಾಗಲ್ಲವೆಂದು ಅರಿವಾದದ್ದು ಕಳೆದ ವರ್ಷ, ದೂರದ ಕ್ಯಾಲಿಫೋರ್ನಿಯಾದಲ್ಲಿ.

ಲಾಸ್ ಏಂಜಲೀಸಿನ ದಕ್ಷಿಣಕ್ಕೆ ಸೆರಿಟೋಸ್ ಎಂಬ ಊರಿದೆ. ನಮ್ಮ ಮಗ ಅಲ್ಲಿ ಸಂಸಾರ ಹೂಡಿದ್ದಾನೆ. ಪಕ್ಕದ ಆರ್ಟೀಸಿಯಾದಲ್ಲಿ ಸೀರೆಯ ಅಂಗಡಿ, ಮಿಠಾಯಿ ಅಂಗಡಿಗಳ ಸಾಲೇ ಇರುವುದರಿಂದ ನಮ್ಮ ಮನೆಯವರಿಗೆ ಬೇಸರವೆಂಬುದೇ ಇರಲಿಲ್ಲ. ನಮಗೆ ಮಾತ್ರ ಹೊತ್ತು ಹೋಗುವುದು ಕಷ್ಟವಾಯಿತು. ಆ ಹೊತ್ತಿನಲ್ಲಿ ನಮಗೆ ಗೆಳೆಯರಾದವರು ಪಕ್ಕದ ಮನೆಯ ಯಜಮಾನರು. ವಯಸ್ಸು ಎಂಬತ್ತರ ಹತ್ತಿರ. ಹೆಂಡತಿ ತೀರಿಹೋಗಿದ್ದಾರೆ, ಮಕ್ಕಳು ದೂರದಲ್ಲಿದ್ದಾರೆ.

ಒಂದು ಶನಿವಾರ ರಾತ್ರಿ ಅವರ ಮನೆಯಿಂದ ಪಿಟೀಲಿನ ಸದ್ದು ಕೇಳಿಸಿತು. ನಮ್ಮ ಪಿಟೀಲಿನಂತೆ ಗಮಕವೆಳೆಯುವ ಪಿಟೀಲಲ್ಲ. ಕುದುರೆಯ ನಾಗಾಲೋಟದಂತೆ ಓಡುವ ಪಿಟೀಲು. ಕುತೂಹಲದಿಂದ ಬೇಲಿಯ ಬಳಿ ನಿಂತೆವು. ಅವರು ಒಳಗೆ ಕರೆದು ಕೂರಿಸಿದರು. ಪರದೆಯ ಮೇಲೆ ಕಪ್ಪು ಬಿಳುಪಿನ ಹಳೆಯ ಚಿತ್ರ. "ಟೌನ್ ಹಾಲ್ ಪಾರ್ಟಿ," ಎಂದರು ಅವರು. "ನಾನು ಹುಡುಗನಾಗಿದ್ದಾಗ ಪ್ರತಿ ಶನಿವಾರ ರಾತ್ರಿ ನಮ್ಮ ಮನೆಯ ಟೆಲಿವಿಷನ್ನಿನಲ್ಲಿ ಬರುತ್ತಿತ್ತು. ನಡೆಯುತ್ತಿದ್ದುದು ಇಲ್ಲೇ, ಕಾಂಪ್ಟನ್ನಿನಲ್ಲಿ."

ಈ ಬಗೆಯ ಕಾರ್ಯಕ್ರಮಕ್ಕೆ ಅಲ್ಲಿ 'ಬಾರ್ನ್ ಡ್ಯಾನ್ಸ್' ಎಂಬ ಹೆಸರು ರೂಢಿಯಲ್ಲಿತ್ತು. ಬಾರ್ನ್ ಎಂದರೆ ರೈತರು ಹುಲ್ಲು, ಕಾಳು, ದನಕರುಗಳನ್ನು ಇಡುವ ದೊಡ್ಡ ಮರದ ಕೊಟ್ಟಿಗೆ. ಅದರ ನೆಲವನ್ನು ಗುಡಿಸಿ, ಒಬ್ಬ ಪಿಟೀಲಿನವನನ್ನು ಕೂರಿಸಿಕೊಂಡು ಹಳ್ಳಿಯ ಜನ ಕುಣಿಯುತ್ತಿದ್ದರು. ನಮ್ಮ ಕಡೆಯ ಸುಗ್ಗಿ ಕುಣಿತದಂತೆಯೇ ಎನ್ನಬಹುದು. ರೇಡಿಯೋ ಬಂದ ಮೇಲೆ ಈ ಕೊಟ್ಟಿಗೆ ಪೇಟೆಗೆ ಬಂತು. ೧೯೨೪ರ ಏಪ್ರಿಲಿನಲ್ಲಿ ಚಿಕಾಗೋದ ಒಂದು ಕೇಂದ್ರ ಶನಿವಾರ ರಾತ್ರಿಯ 'ನ್ಯಾಷನಲ್ ಬಾರ್ನ್ ಡ್ಯಾನ್ಸ್' ಆರಂಭಿಸಿತು. ಆ ಕೇಂದ್ರವನ್ನು ನಡೆಸುತ್ತಿದ್ದುದು ಅಂಚೆಯಲ್ಲಿ ಸಾಮಾನು ಮಾರುವ ಸಿಯರ್ಸ್ ಕಂಪನಿ. ೧೯೨೫ರ ನವೆಂಬರಿನಲ್ಲಿ ನ್ಯಾಷ್‌ವಿಲ್ಲಿನಲ್ಲಿ ವಿಮಾ ಕಂಪನಿಯೊಂದರ ಕೇಂದ್ರ, ೭೭ ವರ್ಷದ ಪಿಟೀಲುವಾದಕ ಅಂಕಲ್ ಜಿಮ್ಮಿ ಥಾಂಪ್ಸನ್ನರನ್ನು ಮೈಕಿನ ಮುಂದೆ ಕೂರಿಸಿತು. ಅದೇ ಮುಂದೆ 'ಗ್ರ್ಯಾಂಡ್ ಓಲ್ ಆಪ್ರಿ' ಎಂದು ಜಗತ್ಪ್ರಸಿದ್ಧವಾಯಿತು. ಇಂದಿಗೂ ನಡೆಯುತ್ತಿದೆ.

ಟೆಲಿವಿಷನ್ ಬಂದಾಗ ಈ ಮೇಳಗಳು ಅದನ್ನೂ ಹತ್ತಿದವು. ಸಿನ್ಸಿನಾಟಿಯಿಂದ 'ಮಿಡ್‌ವೆಸ್ಟರ್ನ್ ಹೇರೈಡ್' ೧೯೪೮ರಲ್ಲೇ ಶುರುವಾಯಿತು. ಮಿಸ್ಸೂರಿಯ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಿಂದ 'ಓಝಾರ್ಕ್ ಜುಬಿಲಿ' ೧೯೫೫ರಿಂದ ೧೯೬೦ರವರೆಗೆ ಇಡೀ ದೇಶಕ್ಕೆ ಪ್ರಸಾರವಾಯಿತು. ಕಾಂಪ್ಟನ್ನಿನ ಟೌನ್ ಹಾಲ್ ಪಾರ್ಟಿ ೧೯೫೧ರಲ್ಲಿ ರೇಡಿಯೋದಲ್ಲಿ ಹುಟ್ಟಿ, ಬೇಗನೆ ಲಾಸ್ ಏಂಜಲೀಸಿನ ಕೆಟಿಟಿವಿ ಕೇಂದ್ರಕ್ಕೆ ಬಂದು, ೧೯೬೧ರವರೆಗೆ ನಡೆಯಿತು. ರಾತ್ರಿ ಹತ್ತರಿಂದ ಒಂದು ಗಂಟೆಯವರೆಗೆ, ಮೂರು ತಾಸಿನ ಪ್ರಸಾರ!

ಹಳ್ಳಿಯ ಹಾಡಿಗೆ ಸಮುದ್ರತೀರದ ಈ ಕಾರ್ಖಾನೆಗಳ ಸೀಮೆಯಲ್ಲಿ ಇಷ್ಟು ಜನ ಕೇಳುಗರು ಎಲ್ಲಿಂದ ಬಂದರು? ಉತ್ತರ ನಮ್ಮ ಗೆಳೆಯರ ಮನೆಯ ಕತೆಯಲ್ಲೇ ಇತ್ತು. ಅವರ ತಂದೆ ಒಕ್ಲಹೋಮಾದ ರೈತರ ಮಗ. ೧೯೩೦ರ ದಶಕದಲ್ಲಿ ಮಳೆಯಿಲ್ಲದೆ, ಉತ್ತ ಹೊಲದ ಮಣ್ಣೆಲ್ಲ ಗಾಳಿಗೆ ಧೂಳಾಗಿ ಹಾರಿಹೋಯಿತು. ಹತ್ತಿಯ ಬೆಲೆ ಕುಸಿಯಿತು, ಗೇಣಿದಾರರು ನೆಲ ಕಳೆದುಕೊಂಡರು. ಒಕ್ಲಹೋಮಾ, ಟೆಕ್ಸಾಸ್, ಅರ್ಕನ್ಸಾ, ಮಿಸ್ಸೂರಿಗಳಿಂದ ಆ ದಶಕದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಹಾಸಿಗೆ, ಪಾತ್ರೆಗಳನ್ನು ಹಳೆಯ ಮೋಟಾರಿಗೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದರು. ಬಂದವರಿಗೆ ಸ್ವಾಗತವೇನೂ ಇರಲಿಲ್ಲ. ೧೯೩೬ರಲ್ಲಿ ಲಾಸ್ ಏಂಜಲೀಸಿನ ಪೋಲೀಸರು ರಾಜ್ಯದ ಗಡಿಗೇ ಹೋಗಿ, ಕೈಯಲ್ಲಿ ಕಾಸಿಲ್ಲದವರನ್ನು ತಡೆದು ಹಿಂದಕ್ಕಟ್ಟಿದರು. ಯಾವ ರಾಜ್ಯದಿಂದ ಬಂದಿರಲಿ, ಎಲ್ಲರಿಗೂ 'ಓಕೀ' ಎಂಬ ಒಂದೇ ಬೈಗುಳ. ತುಳುವಾಗಲಿ, ಕನ್ನಡವಾಗಲಿ, ಮಲಯಾಳವಾಗಲಿ, ದಕ್ಷಿಣದವರನ್ನೆಲ್ಲ 'ಮದ್ರಾಸಿ' ಎಂದು ಕರೆಯುತ್ತಿದ್ದ ಮುಂಬಯಿಯನ್ನು ಕಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಹಾಯುದ್ಧ ಬಂದಾಗ ಇವರಲ್ಲಿ ಅನೇಕರು ತೋಟಗಳ ಕೂಲಿ ಬಿಟ್ಟು ವಿಮಾನದ ಕಾರ್ಖಾನೆ, ಹಡಗುಕಟ್ಟೆಗಳನ್ನು ಸೇರಿದರು. ಗೆಳೆಯರ ತಂದೆಯೂ ಹಾಗೆಯೇ ವಿಮಾನದ ಕಾರ್ಖಾನೆ ಸೇರಿ, ಕಾಂಪ್ಟನ್ನಿನಲ್ಲಿ ಪುಟ್ಟ ಮನೆ ಕೊಂಡರು. "ಅಪ್ಪ ಕೆಲಸದ ಜಾಗದಲ್ಲಿ ತನ್ನ ಊರಿನ ಹೆಸರೇ ಎತ್ತುತ್ತಿರಲಿಲ್ಲ. ಮಾತಿನ ಧಾಟಿಯನ್ನೂ ತಿದ್ದಿಕೊಂಡಿದ್ದ. ಆದರೆ ಶನಿವಾರ ರಾತ್ರಿ ಹತ್ತು ಗಂಟೆಗೆ ಬೂಟು ಬಿಚ್ಚಿ ಪೆಟ್ಟಿಗೆಯ ಮುಂದೆ ಕುಳಿತನೆಂದರೆ, ಅವನ ಮಾತು ಒಕ್ಲಹೋಮಾಕ್ಕೆ ಮರಳುತ್ತಿತ್ತು," ಎಂದರು ಗೆಳೆಯರು.

ಆ ವೇದಿಕೆಯ ಮೇಲಿದ್ದವರೂ ವಲಸೆ ಬಂದವರೇ. ನಿರೂಪಕರಾಗಿದ್ದ ಟೆಕ್ಸ್ ರಿಟರ್ ಟೆಕ್ಸಾಸಿನವರು. ಮರ್ಲ್ ಟ್ರಾವಿಸ್ ಕೆಂಟಕಿಯ ಕಲ್ಲಿದ್ದಲು ಗಣಿಗಳ ಸೀಮೆಯವರು. ಗಣಿಯ ಸಾಲದ ಬದುಕನ್ನು ಕುರಿತು ಅವರು ಕಟ್ಟಿದ 'ಸಿಕ್ಸ್‌ಟೀನ್ ಟನ್ಸ್' ೧೯೫೫ರಲ್ಲಿ ಬೇರೊಬ್ಬರ ಕಂಠದಲ್ಲಿ ಮನೆಮಾತಾಯಿತು. ವರ್ಜೀನಿಯಾದಿಂದ ಬಂದ ಜೋ ಮ್ಯಾಫಿಸ್ ನುಡಿಸುತ್ತಿದ್ದುದು ಎರಡು ಕೊರಳಿನ ಗಿಟಾರು. ಒಂದು ಕೊರಳು ಎಂದಿನ ಶ್ರುತಿಯದು, ಇನ್ನೊಂದು ಅದಕ್ಕಿಂತ ಒಂದು ಸ್ಥಾಯಿ ಮೇಲಿನದು. ಅದನ್ನು ೧೯೫೪ರಲ್ಲಿ ಮಾಡಿಕೊಟ್ಟ ಸೆಮಿ ಮೋಸ್ಲಿಯೂ ಒಕ್ಲಹೋಮಾದಲ್ಲಿ ಹುಟ್ಟಿ ವಲಸೆ ಬಂದ ಮನೆಯವನೇ.

ನಮ್ಮ ಮನೆಯವರಿಗೆ ಬಹಳ ಹಿಡಿಸಿದವರು ಕಾಲಿನ್ಸ್ ಮನೆಯ ಮಕ್ಕಳು, ಲಾರಿ ಮತ್ತು ಲ್ಯಾರಿ. ಒಕ್ಲಹೋಮಾದಿಂದ ಬಂದ ಅಕ್ಕ ತಮ್ಮಂದಿರು. ೧೯೫೪ರಲ್ಲಿ ಈ ಮೇಳ ಸೇರಿದಾಗ ಅಕ್ಕ ಲಾರಿಗೆ ೧೧ ವರ್ಷ, ತಮ್ಮ ಲ್ಯಾರಿಗೆ ೯. ಅಕ್ಕ ನಿಂತು ಗಂಭೀರವಾಗಿ ಹಾಡುತ್ತಾಳೆ; ಅವನೋ, ತನಗೆ ಭಾರವಾಗುವಂಥ ಎರಡು ಕೊರಳಿನ ಗಿಟಾರನ್ನು ಹೊತ್ತು ವೇದಿಕೆಯ ತುಂಬ ಕುಪ್ಪಳಿಸುತ್ತಾನೆ. ಒಂದು ಸ್ವರವೂ ತಪ್ಪುವುದಿಲ್ಲ! "ಈ ಹುಡುಗನಿಗೆ ದೃಷ್ಟಿ ತೆಗೆಯಬೇಕು," ಎಂದರು ನಮ್ಮ ಮನೆಯವರು. ಅಕ್ಕ ೨೦೧೮ರಲ್ಲಿ, ತಮ್ಮ ೨೦೨೪ರಲ್ಲಿ ತೀರಿಕೊಂಡರೆಂದು ಗೆಳೆಯರು ಹೇಳಿದಾಗ ಅವರ ಮುಖ ಸಪ್ಪಗಾಯಿತು. ಪರದೆಯ ಮೇಲೆ ಆ ಹುಡುಗ ಇನ್ನೂ ಕುಪ್ಪಳಿಸುತ್ತಲೇ ಇದ್ದ.

ಹಳ್ಳಿಯ ಹಾಡಿಗೆ ಹೊಸ ತಾಳದ ಬಿಸಿ ತಾಗಿ 'ರಾಕಬಿಲಿ' ಹುಟ್ಟಿದ ಕಾಲವದು. ಹಿರಿಯರ ಮೇಳವಾದ ಟೌನ್ ಹಾಲ್ ಆ ಹೊಸ ಹುಡುಗರನ್ನು ಹೊರಗೆ ನಿಲ್ಲಿಸಲಿಲ್ಲ. ಜೀನ್ ವಿನ್ಸೆಂಟ್, ಎಡ್ಡಿ ಕಾಕ್ರನ್, ಕಾರ್ಲ್ ಪರ್ಕಿನ್ಸ್ ಎಲ್ಲರೂ ಅಲ್ಲಿ ಹಾಡಿದರು. ಜಾನಿ ಕ್ಯಾಶ್ ಕೂದಲು ಕೆದರಿಕೊಂಡು ಎಲ್ವಿಸ್ ಪ್ರೆಸ್ಲಿಯನ್ನು ಅಣಕಿಸುವುದನ್ನು ಕಂಡು ನಾವೂ ನಕ್ಕೆವು. ಇವೆಲ್ಲ ಇಂದು ನೋಡಲು ಸಿಗುವುದು ಒಂದು ಉಪಾಯದಿಂದ. ಟೆಲಿವಿಷನ್ ಪರದೆಯ ಎದುರಿಗೆ ಸಿನಿಮಾ ಕ್ಯಾಮೆರಾ ಇಟ್ಟು ನೇರ ಪ್ರಸಾರವನ್ನು ಫಿಲ್ಮಿನ ಮೇಲೆ ಹಿಡಿಯುತ್ತಿದ್ದರು. ಅದಕ್ಕೆ ಕಿನೆಸ್ಕೋಪ್ ಎಂದು ಹೆಸರು. ೧೯೫೮–೫೯ರ ಕೆಲವು ರಾತ್ರಿಗಳು ಹೀಗೆ ಉಳಿದುಕೊಂಡಿವೆ.

ಆ ಜಾಗವನ್ನು ನೋಡಬೇಕೆಂದೆವು. "ಅಪ್ಪಾ, ಅಲ್ಲಿ ಈಗ ನೋಡುವುದೇನಿದೆ?" ಎಂದು ಮಗ ಗೊಣಗಿದರೂ ರವಿವಾರ ನಮ್ಮನ್ನೂ ಗೆಳೆಯರನ್ನೂ ಕರೆದುಕೊಂಡು ಹೊರಟ. ಲಾಂಗ್ ಬೀಚ್ ಬುಲೆವಾರ್ಡ್ ಎಂಬ ಅಗಲ ರಸ್ತೆ. ಸ್ಪ್ಯಾನಿಷ್ ಭಾಷೆಯ ಬೋರ್ಡುಗಳು, ಮೋಟಾರು ರಿಪೇರಿಯ ಅಂಗಡಿಗಳು. ಆ ಶನಿವಾರಗಳ ಕುರುಹೇನೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಇಂದಿನ ಕಾಂಪ್ಟನ್ ಲೋಕಕ್ಕೆ ಗೊತ್ತಿರುವುದು ಬೇರೆ ಸಂಗೀತದಿಂದ. ೧೯೮೮ರಲ್ಲಿ ಇಲ್ಲಿಯ ಕಪ್ಪು ಜನಾಂಗದ ಯುವಕರ ರ್‍ಯಾಪ್ ಹಾಡುಗಳ ತಟ್ಟೆ ಊರಿನ ಹೆಸರನ್ನೇ ಹೊತ್ತು ಹೊರಟಿತು. ಇಂದು ಊರಿನಲ್ಲಿ ಹೆಚ್ಚಿನವರು ಲ್ಯಾಟಿನೋ ಜನ.

"ನಿಮ್ಮ ಮನೆಯವರು ಯಾವಾಗ ಇಲ್ಲಿಂದ ಹೋದಿರಿ?" ಎಂದು ಸಹಜವಾಗಿ ಕೇಳಿದೆವು. ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮನೆಯ ಕ್ರಯಪತ್ರಗಳಲ್ಲಿಯೇ ಕರಿಯರಿಗೆ ಮಾರಕೂಡದೆಂದು ಬರೆಯುತ್ತಿದ್ದ ಕಾಲವಿತ್ತಂತೆ. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡಲಾರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ೧೯೪೮ರಲ್ಲಿ ತೀರ್ಪಿತ್ತ ಮೇಲೆ ಕಪ್ಪು ಕುಟುಂಬಗಳು ಒಂದೊಂದಾಗಿ ಕಾಂಪ್ಟನ್ನಿಗೆ ಬಂದವು. "ನಮ್ಮ ಬೀದಿಗೆ ಮೊದಲ ಕುಟುಂಬ ಬಂದ ವರ್ಷವೇ ಅಪ್ಪ ಮನೆ ಮಾರಿದ," ಎಂದರು ಅವರು. "ಅವರೂ ನಮ್ಮಂತೆಯೇ ದಕ್ಷಿಣದ ಹತ್ತಿಯ ಹೊಲಗಳಿಂದ ಬಂದವರು. ಓಕೀ ಎಂದು ಬೈಸಿಕೊಂಡ ಅಪ್ಪ ಅವರಿಗೆ ಒಂದು ನಮಸ್ಕಾರವನ್ನೂ ಹೇಳಲಿಲ್ಲ."

ಆ ಹಾಡುಗಳನ್ನು ನೋಡಿದರೆ ಇದು ಇನ್ನೂ ವಿಚಿತ್ರ. ಬ್ಯಾಂಜೋ ವಾದ್ಯದ ಮೂಲ ಆಫ್ರಿಕದವರದು. ಕಾರ್ಲ್ ಪರ್ಕಿನ್ಸ್ ಟೆನ್ನೆಸಿಯ ಹತ್ತಿಯ ಹೊಲದಲ್ಲಿ ತನ್ನೊಡನೆ ದುಡಿಯುತ್ತಿದ್ದ ಕಪ್ಪು ಜನಾಂಗದ ಮುದುಕನೊಬ್ಬನಿಂದ ಗಿಟಾರು ಕಲಿತವನು. ಸ್ವರಗಳು ಯಾವ ಕ್ರಯಪತ್ರವನ್ನೂ ಕೇಳದೆ ಕೂಡಿ ಬಾಳಿದ್ದವು. ಮನುಷ್ಯರಿಗೆ ಒಂದು ಬೀದಿಯಲ್ಲಿ ಬಾಳಲಾಗಲಿಲ್ಲ.

ಅವರ ತಂದೆಯನ್ನು ಆಡಿಕೊಳ್ಳುವ ಧೈರ್ಯ ನಮಗೆ ಬರಲಿಲ್ಲ. ೧೯೬೦ರ ದಶಕದ ಕೊನೆಗೆ ಮುಂಬಯಿಯಲ್ಲಿ ದಕ್ಷಿಣದವರ ಹೋಟೆಲುಗಳಿಗೆ ಕಲ್ಲು ಬಿದ್ದ ಕತೆಯನ್ನು ಹಿರಿಯರ ಬಾಯಿಂದ ಕೇಳಿ ಮರುಗಿದವರು ನಾವು. ಅದೇ ನಾವು, ಕೆಲವು ವರ್ಷಗಳ ಹಿಂದೆ ನಮ್ಮ ಕಟ್ಟಡದ ಸಭೆಯಲ್ಲಿ, ಉತ್ತರದ ಕಡೆಯಿಂದ ಬಂದ ಕುಟುಂಬವೊಂದಕ್ಕೆ ಮನೆ ಬಾಡಿಗೆಗೆ ಕೊಡಕೂಡದೆಂಬ ನಿರ್ಣಯಕ್ಕೆ ಕೈಯೆತ್ತಿದ್ದೆವು. ಯಾರೂ ಒತ್ತಾಯ ಮಾಡಿರಲಿಲ್ಲ. ಎಲ್ಲರೂ ಎತ್ತಿದರು, ನಾವೂ ಎತ್ತಿದೆವು. ಗೆಳೆಯರಿಗೆ ಇದನ್ನು ಹೇಳಿದೆವು. ಅವರು ತಲೆಯಾಡಿಸಿದರು, ಅಷ್ಟೆ.

ಊರಿಗೆ ಮರಳಿದ ಮೇಲೆ ಆ ಕುಟುಂಬವನ್ನು ವಿಚಾರಿಸಿದೆವು. ಎಲ್ಲಿಗೆ ಹೋದರೆಂದು ಯಾರಿಗೂ ತಿಳಿಯದು. ನಮ್ಮ ಕಟ್ಟಡದ ಕಾವಲುಗಾರನೂ ಆ ಕಡೆಯವನೇ, ಬಿಹಾರದವನು. ಸಂಘದ ಯಕ್ಷಗಾನದ ರಾತ್ರಿ ಅವನನ್ನೂ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋದೆವು. ಒಂದು ಮಾತೂ ಅರ್ಥವಾಗದಿದ್ದರೂ ಮಕ್ಕಳು ಬಣ್ಣದ ವೇಷ ಬಂದಾಗ ತಾಯಿಯ ಸೆರಗಿಗೆ ಅಡಗಿ, ಮತ್ತೆ ಇಣುಕಿ ನೋಡಿದರು. ನಡುರಾತ್ರಿ ಕಳೆದ ಮೇಲೆ ಅವನು ನಮ್ಮ ಕಡೆ ಬಾಗಿ, "ಸಾಹೇಬ್, ನಮ್ಮ ಊರಿನಲ್ಲೂ ಹೀಗೇ ರಾತ್ರಿಯೆಲ್ಲ ಆಟ ನಡೆಯುತ್ತದೆ," ಎಂದು ಹಿಂದಿಯಲ್ಲಿ ಹೇಳಿದ. ಹೇಗೆ ನಡೆಯುತ್ತದೆಂದು ಕೇಳಿದೆವು. ಅವನು ಹೇಳತೊಡಗಿದ. ಬೆಳಗಾಗುವವರೆಗೂ ಹೇಳಿದ.