ಬಿಸಿಲಿನ ಜಮಾ–ಖರ್ಚು

ಮಗನಿಗೆ ಜೋಧಪುರಕ್ಕೆ ವರ್ಗವಾಗಿದೆ. ಕಳೆದ ಡಿಸೆಂಬರಿನಲ್ಲಿ ನಾನೂ ನನ್ನವಳೂ ಎರಡನೆಯ ಸಲ ಅಲ್ಲಿಗೆ ಹೋಗಿದ್ದೆವು. ಕೋಟೆ, ಅರಮನೆಗಳನ್ನೆಲ್ಲ ಮೊದಲ ಸಲವೇ ನೋಡಿದ್ದಾಗಿತ್ತು. “ತಾತ, ಈ ಸಲ ಭಡ್ಲಾಕ್ಕೆ ಹೋಗೋಣ” ಎಂದಳು ಏಳನೇ ತರಗತಿಯ ಮೊಮ್ಮಗಳು. ಭಡ್ಲಾ ಎಂದರೆ ಥಾರ್ ಮರುಭೂಮಿಯಲ್ಲಿರುವ ದೊಡ್ಡ ಸೌರ ವಿದ್ಯುತ್ ಪಾರ್ಕು.

ಜೋಧಪುರದಿಂದ ಉತ್ತರಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ನಸುಕಿನಲ್ಲೇ ಹೊರಟೆವು. ದಾರಿಯಲ್ಲಿ ಫಲೋದಿ ಸಿಕ್ಕಿತು. 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ಬಿಸಿಲು ಕಂಡ ಊರದು. ನಾವು ಹೋದ ದಿನ ಮಾತ್ರ ಚಳಿಗೆ ಮಫ್ಲರ್ ಸುತ್ತಿಕೊಂಡು ಚಹಾ ಕುಡಿದೆವು!

ಒಳಗೆ ಬಿಡುವುದಿಲ್ಲ. ರಸ್ತೆ ಬದಿ ನಿಂತು ತಂತಿ ಬೇಲಿಯಾಚೆ ನೋಡಿದೆವು. ಕಣ್ಣು ಹಾಯುವಷ್ಟು ದೂರ ನೀಲಿ–ಕಪ್ಪು ಫಲಕಗಳ ಸಾಲು. ಸುಮಾರು 14,000 ಎಕರೆ, 2,245 ಮೆಗಾವ್ಯಾಟ್. ಬ್ಯಾಂಕಿನ ಹಳೇ ಚಾಳಿ, ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎಲ್ಲ ಫಲಕಗಳೂ ಪೂರ್ಣ ಸಾಮರ್ಥ್ಯದಲ್ಲಿ ದುಡಿದರೆ ಹತ್ತು ವ್ಯಾಟಿನ 22 ಕೋಟಿ ಬಲ್ಬುಗಳು ಒಟ್ಟಿಗೆ ಉರಿಯಬಹುದು. ಕಲ್ಲಿದ್ದಲಿಲ್ಲ, ಹೊಗೆಯಿಲ್ಲ.

“ಬೇಸಿಗೆಯಲ್ಲಿ ಇನ್ನೂ ಜಾಸ್ತಿ ಕರೆಂಟು ಬರುತ್ತೆ ಅಲ್ವಾ ತಾತ?” ಎಂದಳು.

“ಬೆಳಕು ಹೆಚ್ಚಾದರೆ ಕರೆಂಟೂ ಹೆಚ್ಚು. ಆದರೆ ಫಲಕ ಕಾದಷ್ಟೂ ಅದರ ಶಕ್ತಿ ತುಸು ಕುಗ್ಗುತ್ತದೆ. ಅದಕ್ಕೆ ಬೇಕಾದ್ದು ಬೆಳಕು, ಸೆಕೆಯಲ್ಲ” ಎಂದೆ.

ಮರಳುಗಾಳಿಯ ಧೂಳು ಕೂತರೂ ಕರೆಂಟು ಇಳಿಯುತ್ತದೆ. ತೊಳೆಯಲು ನೀರೆಲ್ಲಿ? ಅದಕ್ಕೇ ಇಲ್ಲಿ ನೀರಿಲ್ಲದೆ ಫಲಕ ಗುಡಿಸುವ ಯಂತ್ರಗಳಿವೆ.

ಅಷ್ಟರಲ್ಲಿ ಬೇಲಿ ಪಕ್ಕದಲ್ಲೇ ಕುರಿ ಹಿಂಡೊಂದು ಬಂತು. ಹಿಂದೆ ಕೆಂಪು ಪೇಟದ ಮುದುಕ, ನನ್ನದೇ ವಯಸ್ಸು. ಮೊಮ್ಮಗಳು ಹಿಂದಿಯಲ್ಲಿ ಮಾತಾಡಿಸಿದಳು. ಮೊದಲು ಕುರಿಗಳು ಈ ಬಯಲಲ್ಲೇ ಮೇಯುತ್ತಿದ್ದವಂತೆ. ಈಗ ಬೇಲಿ ಸುತ್ತಿಕೊಂಡು ದೂರ ಹೋಗಬೇಕು. ಅರ್ಧದಷ್ಟು ಕುರಿ ಮಾರಿದೆ ಎಂದ. “ಜಾಗ ನಿಮ್ಮದಾ ಬಾಬಾ?” ಎಂದಳು. “ಸರ್ಕಾರದ್ದು ಮಗಳೇ. ಆದರೆ ನಮ್ಮ ಅಜ್ಜನ ಕಾಲದಿಂದ ಮೇಯಿಸಿದ್ದು ನಾವು” ಎಂದು ನಕ್ಕು ನಡೆದ.

ದೂರದಲ್ಲೊಂದು ಖೇಜಡಿ ಮರವಿತ್ತು. ಮಕ್ಕಳೇ, ದಸರೆಯಲ್ಲಿ ನಾವು ಪೂಜಿಸುವ ಬನ್ನಿ ಮರವೇ ಅದು! ಅಲ್ಲಿನವರಿಗೆ ಅದರ ಎಲೆ ಆಡು–ಕುರಿಗಳಿಗೆ ಮೇವು, ಕಾಯಿ ಪಲ್ಯಕ್ಕೆ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಈ ಮರಗಳನ್ನು ಉಳಿಸಲು ಅಮೃತಾದೇವಿಯೂ ಸೇರಿ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಇಂದು ಸೌರ ಸ್ಥಾವರಗಳಿಗಾಗಿ ಖೇಜಡಿ ಕಡಿಯಬೇಡಿ ಎಂದು ರಾಜಸ್ಥಾನದ ಜನ ಧರಣಿ ಕೂತದ್ದೂ ಇದೆ.

ವಾಪಸು ಬರುವಾಗ ಅವಳಿಗೆ ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಕಥೆ ಹೇಳಿದೆ. ಅಲ್ಲೂ ಸುಮಾರು 13,000 ಎಕರೆಯಲ್ಲಿ ಸೌರ ಪಾರ್ಕು ಇದೆ. ಬರಗಾಲದ ಸೀಮೆ. ಅಲ್ಲಿ ರೈತರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುವಾಯಿತು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರ ಹೆಸರಲ್ಲಿ ಪಹಣಿ ಇರಲಿಲ್ಲ, ಬಾಡಿಗೆಯೂ ಬರಲಿಲ್ಲ.

“ಹಾಗಾದ್ರೆ ಸೋಲಾರ್ ಒಳ್ಳೇದಲ್ವಾ ತಾತ?”

“ಒಳ್ಳೆಯದೇ ಪುಟ್ಟಿ. ಅದು ಬೇಕೇ ಬೇಕು. ಆದರೆ ಲೆಡ್ಜರಿನಲ್ಲಿ ಜಮಾ ಮಾತ್ರ ಬರೆದು ಖರ್ಚು ಬಿಟ್ಟರೆ ಮ್ಯಾನೇಜರು ಸುಮ್ಮನಿರುತ್ತಿದ್ದರೇ? ಬಿಸಿಲು ಪುಕ್ಕಟೆ, ನೆಲ ಪುಕ್ಕಟೆಯಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಆ ಬಾಬಾಗೆ ಪಹಣಿ ಇಲ್ಲದಿದ್ರೂ ಏನಾದ್ರೂ ಕೊಡೋಕಾಗಲ್ವಾ? ಫಲಕಗಳ ಮಧ್ಯೆ ಹುಲ್ಲು ಬೆಳೆದರೆ ಅವರ ಕುರಿಗಳನ್ನ ಒಳಗೆ ಬಿಡಬಹುದಲ್ವಾ?” ಎಂದಳು.

ಕೆಲವು ದೇಶಗಳಲ್ಲಿ ಫಲಕಗಳ ನಡುವೆ ಕುರಿ ಮೇಯಿಸುತ್ತಾರೆ ಎಂದು ಓದಿದ್ದು ಆಗ ನೆನಪಾಯಿತು. ಹಾಗೆಂದೆ. ಅವಳು ರಜೆಯ ನೋಟ್‌ಬುಕ್ ತೆಗೆದು, ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಗೆರೆ ಎಳೆದಳು. ಖರ್ಚಿನ ಕಡೆ ಮೊದಲು ಬರೆದದ್ದು: ‘ಬಾಬಾನ ಕುರಿ’.