ಮುಂದಕ್ಕೆ ಹೋಗಿದ್ದು ರದ್ದಾಗಿದ್ದಲ್ಲ

ನಾವು ವರದಿ ಬರೆಯಲು ಶುರು ಮಾಡಿದ ಹೊಸತು. ಯಲಬುರ್ಗಾ ತಾಲ್ಲೂಕಿನ ಒಂದು ಊರಲ್ಲಿ ಪಿಂಚಣಿ ಅದಾಲತ್ ಇತ್ತು. ಹಿಂದಿನ ದಿನ ಇಂಗ್ಲಿಷಿನಲ್ಲಿ ಒಂದು ಮೆಸೇಜ್ ಬಂತು: 'ಪುಟ್ ಆಫ್ ಟಿಲ್ ಮಂಡೇ.' 'ಆಫ್' ಅಂದರೆ ಬಂದ್, 'ಟಿಲ್' ಅಂದರೆ ವರೆಗೆ ಎಂದುಕೊಂಡು 'ಸೋಮವಾರದವರೆಗೆ ಅದಾಲತ್ ರದ್ದು' ಎಂದು ಬರೆದು ಗ್ರೂಪಿಗೆ ಹಾಕಿದೆವು.

ಸೋಮವಾರ ಅದಾಲತ್ ನಡೆಯಿತು. ಬಂದವರು ಕೆಲವೇ ಮಂದಿ. ಸಂಜೆ ಒಬ್ಬ ಅಜ್ಜಿ ಹೊಲದಿಂದ ಬಂದು ಕೇಳಿದಳು: "ರದ್ದಾತು ಅಂತ ನೀವ ಬರದಿದ್ರೆಲ್ಲೋ ತಮ್ಮಾ, ಅದಕ್ಕ ನಾ ಕೂಲಿಗೆ ಹೋದೆ." ನಮ್ಮ ಹತ್ತಿರ ಉತ್ತರ ಇರಲಿಲ್ಲ.

'ಪುಟ್ ಆಫ್' ಅಂದರೆ ಮುಂದೂಡುವುದು. ರದ್ದು ಮಾಡುವುದಕ್ಕೆ ಇಂಗ್ಲಿಷಿನಲ್ಲಿ 'ಕಾಲ್ ಆಫ್' ಎಂಬ ಬೇರೆ ಮಾತಿದೆ. 'ಟಿಲ್ ಮಂಡೇ' ಎಂದರೆ ಇಲ್ಲಿ 'ಸೋಮವಾರದವರೆಗೆ ಇಲ್ಲ' ಅಲ್ಲ, 'ಸೋಮವಾರಕ್ಕೆ ಇಟ್ಟಿದ್ದಾರೆ' ಎಂದು. ಇನ್ನೊಂದು ಮೋಸದ ಮಾತು 'ಬ್ರಿಂಗ್ ಫಾರ್ವರ್ಡ್'. ಕೇಳಿದರೆ 'ಮುಂದಕ್ಕೆ ಹಾಕಿದರು' ಅನ್ನಿಸುತ್ತದೆ. ಆದರೆ ತಾರೀಖನ್ನು ಹಾಗೆ ಮಾಡಿದರು ಎಂದರೆ ಗೊತ್ತಾದ ದಿನಕ್ಕಿಂತ ಮೊದಲೇ ಮಾಡುತ್ತಾರೆ ಎಂದರ್ಥ.

ಈ ಗೊಂದಲಕ್ಕೆ ನಮ್ಮ ಭಾಗದ ಅನುಭವವೂ ಸ್ವಲ್ಪ ಕಾರಣ ಇರಬೇಕು. ಇಲ್ಲಿ 'ಮುಂದ ಹೋತು' ಅಂದರೆ 'ಇನ್ನ ಆಗೂದಿಲ್ಲ' ಅಂತಲೇ ಜನ ತಿಳಿಯುತ್ತಾರೆ. ಮುನಿರಾಬಾದ್–ಮೆಹಬೂಬ್‌ನಗರ ರೈಲು ಮಾರ್ಗ ಮಂಜೂರಾದದ್ದು 1997-98ರಲ್ಲಿ, ಕೊಪ್ಪಳ ಜಿಲ್ಲೆ ಹುಟ್ಟಿದ ಹೊತ್ತಿನಲ್ಲೇ. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಕುಷ್ಟಗಿಯವರು ಗದಗ–ವಾಡಿ ಮಾರ್ಗದ ರೈಲು ನೋಡಿದ್ದು 2025ರ ಮೇ ತಿಂಗಳಲ್ಲಿ. ಎರಡೂ ರದ್ದಾಗಿರಲಿಲ್ಲ, ತಡವಾದವು ಅಷ್ಟೆ. ಆದರೆ 1997ರಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ ರೈಲು ಬರುವಷ್ಟರಲ್ಲಿ ತನ್ನ ಮಕ್ಕಳನ್ನು ಶಾಲೆಗೆ ಕಳಿಸುವಂತಾಗಿದ್ದ.

ಅದಾಲತ್ತಿನ ಆ ಸುದ್ದಿಯ ನಂತರ ನಾವೊಂದು ರೂಢಿ ಮಾಡಿಕೊಂಡಿದ್ದೇವೆ. ಮುಂದೂಡಿದ್ದಾರೆ ಎಂದು ಯಾರಾದರೂ ಹೇಳಿದರೆ ಬರೆಯುವ ಮೊದಲು ಫೋನ್ ಮಾಡಿ 'ಯಾವ ದಿನಕ್ಕೆ?' ಎಂದು ಕೇಳುತ್ತೇವೆ. ದಿನ ಗೊತ್ತಾಗದಿದ್ದರೆ 'ಹೊಸ ದಿನ ಹೇಳಿಲ್ಲ' ಎಂದೇ ಬರೆಯುತ್ತೇವೆ. ಕಚೇರಿ ಬಾಗಿಲಲ್ಲಿ ನಿಮಗೂ ಯಾರಾದರೂ 'ಮುಂದ ಹೋಗೇತಿ' ಅಂದರೆ ಹಾಗೇ ತಿರುಗಿ ಬರಬೇಡಿ. 'ಯಾವತ್ತಿಗ್ರೀ?' ಎಂದು ಕೇಳಿ, ತಾರೀಖು ಬರೆದುಕೊಂಡೇ ಬನ್ನಿ.